ಅನ್‌ಲೆಸ್: ಹೊಟ್ಟೆಯೊಳಗೇ ಒಂದು 'ಇಲ್ಲ' ಇಟ್ಟುಕೊಂಡ ಪದ

ಕೆಲವು ವರ್ಷಗಳ ಹಿಂದೆ ನಾನೊಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ. ಪುಣೆಯ ಒಬ್ಬ ಸಪ್ಲೈಯರ್ ದುಡ್ಡಿಗಾಗಿ ದಿನಾ ಫೋನ್ ಮಾಡುತ್ತಿದ್ದರು. ಬಿಲ್ ಮಾತ್ರ ಕಳಿಸುತ್ತಿರಲಿಲ್ಲ. ತಲೆ ಕೆಟ್ಟು ಒಂದು ಮೇಲ್ ಹಾಕಿದೆ: "ಅನ್‌ಲೆಸ್ ಯು ಡೋಂಟ್ ಸೆಂಡ್ ದಿ ಬಿಲ್, ವಿ ಕೆನಾಟ್ ರಿಲೀಸ್ ದಿ ಪೇಮೆಂಟ್." ಮ್ಯಾನೇಜರಿಗೂ ಒಂದು ಕಾಪಿ ಹೋಯಿತು. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ಕೊನೆಯಲ್ಲಿ ಒಂದು ನಗುವ ಮುಖ ಬೇರೆ. "ನೀವು ಹೇಳಿದ ಹಾಗೇ ಮಾಡಿದ್ದೇನೆ, ಬಿಲ್ ಕಳಿಸಿಲ್ಲ. ಇನ್ನು ದುಡ್ಡು ಹಾಕಿ."

ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಸಾಲನ್ನೇ ಇನ್ನೊಂದು ಸಲ ಓದಿದೆ. ಅವರು ಹೇಳಿದ್ದು ಸರಿಯಾಗೇ ಇತ್ತು. ನಾನು ಬರೆದದ್ದರ ಅರ್ಥ 'ಬಿಲ್ ಕಳಿಸದೇ ಇದ್ದರೆ ಮಾತ್ರ ದುಡ್ಡು ಕೊಡ್ತೀವಿ' ಅಂತ!

ನಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಬರೆಯುವವರೂ ಅನ್‌ಲೆಸ್ ಹತ್ತಿರ ಬಂದು ಎಡವುತ್ತಾರೆ. ದಡ್ಡತನದಿಂದಲ್ಲ, ಕನ್ನಡದಲ್ಲಿ ಯೋಚಿಸುವುದರಿಂದ. ಕಾರಣ ಗೊತ್ತಾದರೆ ಸರಿಮಾಡಿಕೊಳ್ಳುವುದು ಸುಲಭ. ಒಂದು ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ. ಉದಾಹರಣೆಗಳನ್ನು ಓದುತ್ತಾ ಬರೆದುಕೊಂಡರೆ ಜಾಸ್ತಿ ಉಪಯೋಗ.

ಹೆಜ್ಜೆ 1: ಮೊದಲು ನಿಯಮ, ಆಮೇಲೆ ಗೇಟು

ಅನ್‌ಲೆಸ್ ಇರುವ ಪ್ರತಿ ವಾಕ್ಯದಲ್ಲೂ ಎರಡು ತುಂಡು ಇರುತ್ತವೆ. ಒಂದು ನಿಯಮ. ಇನ್ನೊಂದು ಆ ನಿಯಮಕ್ಕೆ ಇರುವ ಒಂದೇ ಒಂದು ರಿಯಾಯಿತಿ. ಹೊಲದ ಸುತ್ತ ಬೇಲಿ ಹಾಕಿ ಒಂದು ಕಡೆ ಗೇಟು ಬಿಟ್ಟ ಹಾಗೆ ಅಂದುಕೊಳ್ಳಿ.

"ಐ ವೋಂಟ್ ಕಮ್ ಅನ್‌ಲೆಸ್ ಯು ಕಾಲ್ ಮಿ." ಇಲ್ಲಿ ಬೇಲಿ ಯಾವುದು? ನಾನು ಬರಲ್ಲ. ಗೇಟು ಯಾವುದು? ನೀನು ಕರೆಯುವುದು. ಕನ್ನಡದಲ್ಲಿ 'ನೀನು ಕರೆದರೆ ಮಾತ್ರ ಬರ್ತೀನಿ' ಅಥವಾ 'ಕರೆಯದೆ ಬರಲ್ಲ' ಅಂತೀವಿ.

ನಿಯಮದ ಕಡೆ 'ಇಲ್ಲ' ಇರಲೇಬೇಕು ಅಂತೇನಿಲ್ಲ. "ಐ ವಾಕ್ ಎವ್ರಿ ಮಾರ್ನಿಂಗ್ ಅನ್‌ಲೆಸ್ ಇಟ್ ರೇನ್ಸ್." ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀನಿ, ಮಳೆ ಬಂದರೆ ಮಾತ್ರ ಇಲ್ಲ. ನಿಯಮ: ನಡೆಯುವುದು. ಗೇಟು: ಮಳೆ.

ವಾಕ್ಯ ಬರೆಯುವ ಮುಂಚೆ ಇವೆರಡನ್ನು ಕನ್ನಡದಲ್ಲೇ ಬೇರೆ ಬೇರೆ ಬರೆದುಕೊಳ್ಳಿ. ಎಡಗಡೆ ಬೇಲಿ, ಬಲಗಡೆ ಗೇಟು, ನಡುವೆ ಅನ್‌ಲೆಸ್. ಗೇಟಿನ ಜಾಗದಲ್ಲಿ 'ಏನು ಆದರೆ ನಿಯಮ ಮುರಿಯುತ್ತೆ' ಅನ್ನುವುದನ್ನು ಬರೆಯಬೇಕು. 'ಏನು ಆಗದಿದ್ದರೆ' ಅಲ್ಲ. ಇಷ್ಟು ಗಟ್ಟಿಯಾದರೆ ಅರ್ಧ ಕೆಲಸ ಮುಗಿಯಿತು.

ಒಂದು ಎಚ್ಚರ. ಗೇಟು ತೆಗೆದಿದೆ ಅಂದರೆ ಒಳಗೆ ಊಟ ಬಡಿಸಿಟ್ಟಿದ್ದಾರೆ ಅಂತಲ್ಲ. "ಪೇಮೆಂಟ್ ವಿಲ್ ನಾಟ್ ಬಿ ಮೇಡ್ ಅನ್‌ಲೆಸ್ ದಿ ಬಿಲ್ ಈಸ್ ಸಬ್ಮಿಟೆಡ್" ಅಂತ ಒಪ್ಪಂದದಲ್ಲಿ ಇದ್ದರೆ, ಬಿಲ್ ಕೊಡದೆ ದುಡ್ಡು ಬರಲ್ಲ ಅನ್ನುವುದಷ್ಟೇ ಖಾತ್ರಿ. ಬಿಲ್ ಕೊಟ್ಟ ತಕ್ಷಣ ಬಂದೇ ಬರುತ್ತೆ ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಸಹಿ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ಹೆಜ್ಜೆ 2: ಗೇಟಿನ ಕಡೆ ಡೋಂಟ್ ಹಾಕಬೇಡಿ

ನಾನು ಮಾಡಿದ ತಪ್ಪು ಇದೇ. ಅನ್‌ಲೆಸ್ ಒಳಗೆ ಆಗಲೇ ಒಂದು 'ಇಲ್ಲ' ಕೂತಿದೆ. ಹೊರಗಿನಿಂದ ಇನ್ನೊಂದು ತಂದು ಸೇರಿಸಿದರೆ ಎರಡೂ ಹೊಡೆದುಹೋಗಿ ಅರ್ಥ ತಿರುಗಿಬಿಡುತ್ತೆ. "ಅನ್‌ಲೆಸ್ ಯು ಸೆಂಡ್ ದಿ ಬಿಲ್" ಅಂದರೆ ಸಾಕು. ಬಿಲ್ ಕಳಿಸದಿದ್ದರೆ ಅನ್ನುವ ಅರ್ಥ ತಾನಾಗೇ ಬರುತ್ತೆ.

ಆದರೂ ನಮ್ಮ ಕೈ ಡೋಂಟ್ ಕಡೆಗೇ ಯಾಕೆ ಹೋಗುತ್ತೆ? ಕನ್ನಡದ 'ಹೊರತು' ನೋಡಿ. ಪೇಪರಿನಲ್ಲಿ ದಿನಾ ಓದುತ್ತೇವೆ: 'ಸರ್ಕಾರ ಕ್ರಮ ಕೈಗೊಳ್ಳದ ಹೊರತು ಧರಣಿ ನಿಲ್ಲುವುದಿಲ್ಲ.' ಕೈಗೊಳ್ಳದ. ಅಲ್ಲೊಂದು 'ಇಲ್ಲ' ಇದೆ. ಹೊರತು ಅಂದರೆ ಬಿಟ್ಟು ಅಂತ ಅರ್ಥ. ಹಾಗಾದರೆ ಲೆಕ್ಕದ ಪ್ರಕಾರ 'ಕ್ರಮ ಕೈಗೊಂಡ ಹೊರತು' ಅಂತ ಆಗಬೇಕಿತ್ತು, ಅಲ್ವಾ?

ಹಾಗೆ ಬರೆಯುವುದೂ ಇದೆ. ಕನ್ನಡದಲ್ಲಿರುವ ಯಾವುದಾದರೂ ಕಾಯ್ದೆ ತೆಗೆದು ಪದಗಳ ಅರ್ಥ ಕೊಡುವ ಭಾಗ ನೋಡಿ. 'ಸಂದರ್ಭವು ಅನ್ಯಥಾ ಅಗತ್ಯಪಡಿಸಿದ ಹೊರತು' ಅಂತ ಹಲವು ಕಡೆ ಇರುತ್ತೆ. ಅಗತ್ಯಪಡಿಸಿದ. ಇಲ್ಲಿ 'ಇಲ್ಲ' ಇಲ್ಲ. ಇದರ ಇಂಗ್ಲಿಷ್ ರೂಪ "ಅನ್‌ಲೆಸ್ ದಿ ಕಾಂಟೆಕ್ಸ್ಟ್ ಅದರ್‌ವೈಸ್ ರಿಕ್ವೈರ್ಸ್". ನಮ್ಮ ಸಂವಿಧಾನದ 12ನೇ ವಿಧಿಯಲ್ಲೂ, 366ನೇ ವಿಧಿಯಲ್ಲೂ ಇದೇ ಮಾತು ಇದೆ.

ಅಂದರೆ ಕನ್ನಡದಲ್ಲಿ 'ಕರೆದ ಹೊರತು ಬರಲ್ಲ' ಅಂದರೂ ನಡೆಯುತ್ತೆ, 'ಕರೆಯದ ಹೊರತು ಬರಲ್ಲ' ಅಂದರೂ ನಡೆಯುತ್ತೆ. ಎರಡಕ್ಕೂ ಒಂದೇ ಅರ್ಥ. ಒಂದರಲ್ಲಿ 'ಇಲ್ಲ' ಜಾಸ್ತಿ ಇದ್ದರೂ ನಮಗೆ ಗೊಂದಲವಾಗಲ್ಲ, ಕಿವಿಗೆ ರೂಢಿಯಾಗಿದೆ. ಈಗ ಜಾಸ್ತಿ ಚಾಲ್ತಿಯಲ್ಲಿರುವುದು 'ಇಲ್ಲ' ಇರುವ ರೂಪ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ಬರೆದಾಗ 'ಕಳಿಸದ ಹೊರತು' ಅನ್ನುವುದು 'ಅನ್‌ಲೆಸ್ ಯು ಡೋಂಟ್ ಸೆಂಡ್' ಆಗಿಬಿಡುತ್ತೆ. ಕನ್ನಡ ಕೊಡುವ ಈ ಸಲಿಗೆ ಇಂಗ್ಲಿಷ್ ಕೊಡಲ್ಲ.

ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಮೊದಲ ನಿಯಮ ನೆನಪಿದೆಯಾ? 'ಬಾಹ್ಯ ಬಲ ಪ್ರಯೋಗವಾಗದ ಹೊರತು ವಸ್ತು ತಾನಿರುವ ಸ್ಥಿತಿಯಲ್ಲೇ ಇರುತ್ತದೆ.' ಪ್ರಯೋಗವಾಗದ. ಅದೇ ನಿಯಮ ಇಂಗ್ಲಿಷ್ ಪುಸ್ತಕದಲ್ಲಿ "ಅನ್‌ಲೆಸ್ ಆಕ್ಟೆಡ್ ಅಪಾನ್ ಬೈ ಆ್ಯನ್ ಎಕ್ಸ್‌ಟರ್ನಲ್ ಫೋರ್ಸ್". ಅಲ್ಲಿ ನಾಟ್ ಇಲ್ಲ, ಡೋಂಟ್ ಇಲ್ಲ. ಈ ಎರಡು ಸಾಲನ್ನು ಒಂದರ ಕೆಳಗೊಂದು ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆ ನಿಯಮದ್ದೇ ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ನ್ಯೂಟನ್ 1687ರಲ್ಲಿ ಅದನ್ನು ಬರೆದದ್ದು ಲ್ಯಾಟಿನ್‌ನಲ್ಲಿ. ಅಲ್ಲಿದ್ದದ್ದು 'ನಿಸಿ ಕ್ವಾಟೆನಸ್' ಅನ್ನುವ ಎರಡು ಪದ. 1729ರಲ್ಲಿ ಆಂಡ್ರೂ ಮಾಟ್ ಇಂಗ್ಲಿಷಿಗೆ ತರುವಾಗ ಎರಡನ್ನೂ ಸೇರಿಸಿ ಬರೀ ಅನ್‌ಲೆಸ್ ಅಂತ ಬರೆದರು. ಅದೇ ಶಾಲೆ ಶಾಲೆಗೂ ಹೋಯಿತು. 2023ರಲ್ಲಿ ತತ್ತ್ವಶಾಸ್ತ್ರಜ್ಞ ಡೇನಿಯಲ್ ಹೂಕ್ ಇದನ್ನು ಎತ್ತಿ ತೋರಿಸಿದರು. ಆ ಎರಡು ಪದಕ್ಕೆ 'ಬಲ ಎಷ್ಟು ಬದಲಿಸುತ್ತದೋ ಅಷ್ಟನ್ನು ಬಿಟ್ಟು' ಅನ್ನುವ ಅರ್ಥವಿದೆ ಅನ್ನುವುದು ಅವರ ವಾದ. ಅನ್‌ಲೆಸ್ ಅಂದಾಗ ಬಲ ಇರುವ ವಸ್ತುವಿಗೆ ಈ ನಿಯಮವೇ ಇಲ್ಲ ಅನ್ನಿಸುತ್ತೆ. ಮೂಲದ ಪ್ರಕಾರ ಎಲ್ಲ ವಸ್ತುವಿಗೂ ಇದೆ. ಗೇಟು ಎಷ್ಟು ಅಗಲ ಅನ್ನುವುದಕ್ಕೇ ಇಷ್ಟೆಲ್ಲ ಚರ್ಚೆ!

ಈಗ ಪರೀಕ್ಷೆ ಮಾಡುವ ವಿಧಾನ. ಅನ್‌ಲೆಸ್ ತೆಗೆದು ಆ ಜಾಗದಲ್ಲಿ "ಎಕ್ಸೆಪ್ಟ್ ಇಫ್" ಹಾಕಿ ಓದಿ. ವಾಕ್ಯ ನೀವಂದುಕೊಂಡ ಅರ್ಥವನ್ನೇ ಕೊಟ್ಟರೆ ಸರಿ. "ವಿ ಕೆನಾಟ್ ಪೇ, ಎಕ್ಸೆಪ್ಟ್ ಇಫ್ ಯು ಡೋಂಟ್ ಸೆಂಡ್ ದಿ ಬಿಲ್" ಅಂತ ಓದಿದರೆ ತಪ್ಪು ಎದ್ದು ಕಾಣುತ್ತೆ.

ಹಾಗಂತ ಅನ್‌ಲೆಸ್ ಆದ ಮೇಲೆ ಡೋಂಟ್ ಬರಲೇಬಾರದು ಅಂತ ಬಾಯಿಪಾಠ ಮಾಡಬೇಡಿ. ಗೇಟೇ ಒಂದು 'ಇಲ್ಲ' ಆಗಿದ್ದರೆ ಬರಬಹುದು. "ಟೇಕ್ ದಿ ಬಸ್, ಅನ್‌ಲೆಸ್ ಯು ಡೋಂಟ್ ಹ್ಯಾವ್ ಚೇಂಜ್." ಬಸ್ಸಿಗೇ ಹೋಗು, ಚಿಲ್ಲರೆ ಇಲ್ಲ ಅಂದರೆ ಬೇರೆ ಮಾತು. ಇಲ್ಲಿ ರಿಯಾಯಿತಿಯೇ 'ಚಿಲ್ಲರೆ ಇಲ್ಲದಿರುವುದು'. ಹಾಗಾಗಿ ಸರಿ. ಇಂಥ ಸಂದರ್ಭ ಕಡಿಮೆ. ಬಂದಾಗ ಎಕ್ಸೆಪ್ಟ್ ಇಫ್ ಹಾಕಿ ನೋಡಿದರೆ ಗೊತ್ತಾಗುತ್ತೆ.

ಹೆಜ್ಜೆ 3: ವಿಲ್ ಕೂಡ ಬೇಡ

ಇದು ಚಿಕ್ಕ ವಿಷಯ. ಮುಂದೆ ನಡೆಯುವುದರ ಬಗ್ಗೆ ಹೇಳುವಾಗಲೂ ಗೇಟಿನ ಕಡೆ ವಿಲ್ ಬರಲ್ಲ. "ಅನ್‌ಲೆಸ್ ಶಿ ವಿಲ್ ಕಮ್" ಅಲ್ಲ, "ಅನ್‌ಲೆಸ್ ಶಿ ಕಮ್ಸ್". ವಿಲ್ ಇದ್ದರೆ ಬೇಲಿಯ ಕಡೆ ಇರಲಿ. ಇದು ವಿಚಿತ್ರ ಅನ್ನಿಸಿದರೆ ಕನ್ನಡವನ್ನೇ ನೋಡಿ. 'ನಾಳೆ ಮಳೆ ಬಂದರೆ' ಅಂತೀವಿ, 'ಬರುತ್ತರೆ' ಅಂತ ಯಾರೂ ಅನ್ನಲ್ಲ. ನಾಳೆಯ ಮಾತಿಗೆ ನಾವು 'ಬಂದ' ಅನ್ನುವ ಆಗಿಹೋದ ರೂಪ ಬಳಸುತ್ತೇವೆ. ಅವರು ಈಗಿನ ರೂಪ ಬಳಸುತ್ತಾರೆ, ಅಷ್ಟೇ.

ಆಗಿಹೋದ ಮಾತನ್ನು ಹೇಳುವಾಗ ಎರಡೂ ಕಡೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತೆ: "ಹಿ ಸೆಡ್ ಹಿ ವುಡಂಟ್ ಕಮ್ ಅನ್‌ಲೆಸ್ ಐ ಕಾಲ್ಡ್ ಹಿಮ್." ನಾನು ಕರೆದರೆ ಮಾತ್ರ ಬರ್ತೀನಿ ಅಂದಿದ್ದ.

ಹೆಜ್ಜೆ 4: ಎಲ್ಲ 'ದಿದ್ದರೆ'ಯನ್ನೂ ಅನ್‌ಲೆಸ್ ಮಾಡಬೇಡಿ

ಶಾಲೆಯ ಗ್ರಾಮರ್‌ನಲ್ಲಿ ಒಂದು ಅಭ್ಯಾಸ ಇರುತ್ತಿತ್ತು. ಇಫ್ ನಾಟ್ ಇರುವ ವಾಕ್ಯ ಕೊಟ್ಟು ಅನ್‌ಲೆಸ್ ಬಳಸಿ ಬದಲಾಯಿಸಿ ಅನ್ನುವುದು. ಇಫ್ ಹೊಡೆದು, ನಾಟ್ ಹೊಡೆದು, ಅನ್‌ಲೆಸ್ ಬರೆದರೆ ಮಾರ್ಕ್ಸ್ ಬರುತ್ತಿತ್ತು. ನಾನೂ ಹಾಗೇ ಪಾಸಾದವನು. ಅದರಿಂದ ಆದ ನಷ್ಟ ಅಂದರೆ ಎರಡೂ ಒಂದೇ ಅನ್ನುವ ನಂಬಿಕೆ ತಲೆಯಲ್ಲಿ ಕೂತುಬಿಟ್ಟಿತು. ಎರಡೂ ಒಂದೇ ಅಲ್ಲ.

ಒಬ್ಬ ತಾಯಿ ಹೇಳುತ್ತಾಳೆ: 'ಮಗಳು ಒಂಬತ್ತಕ್ಕೆ ಮನೆಗೆ ಬರದಿದ್ದರೆ ನನಗೆ ಗಾಬರಿಯಾಗುತ್ತೆ.' ಇಂಗ್ಲಿಷಿನಲ್ಲಿ "ಐ ಗೆಟ್ ವರಿಡ್ ಇಫ್ ಮೈ ಡಾಟರ್ ಡಸಂಟ್ ಕಮ್ ಹೋಮ್ ಬೈ ನೈನ್". ಇದನ್ನು ಅನ್‌ಲೆಸ್‌ಗೆ ತಿರುಗಿಸಿ ನೋಡಿ: "ಐ ಗೆಟ್ ವರಿಡ್ ಅನ್‌ಲೆಸ್ ಶಿ ಕಮ್ಸ್ ಹೋಮ್ ಬೈ ನೈನ್." ಈಗ ಬೇಲಿ ಯಾವುದಾಯಿತು? 'ನನಗೆ ಗಾಬರಿ' ಅನ್ನುವುದೇ ನಿಯಮವಾಯಿತು. ತಾಯಿಗೆ ಇಡೀ ದಿನ ಗಾಬರಿ, ಮಗಳು ಬಂದರೆ ಮಾತ್ರ ವಾಸಿ ಅನ್ನುವ ಹಾಗೆ ಕೇಳಿಸುತ್ತೆ. ಆಕೆ ಹೇಳಿದ್ದು ಅದಲ್ಲ. ಆಕೆ ಆರಾಮಾಗೇ ಇದ್ದಾಳೆ. ಮಗಳು ಬರದಿರುವುದರಿಂದಲೇ ಗಾಬರಿ ಹುಟ್ಟುವುದು.

ಹಾಗಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಗೇಟಿನ ಮಾತು ಪೂರ್ತಿ ಅಳಿಸಿದರೂ ಬೇಲಿ ನಿಲ್ಲುತ್ತದಾ? 'ನಾನು ಬರಲ್ಲ' ನಿಲ್ಲುತ್ತೆ. 'ದಿನಾ ನಡೀತೀನಿ' ನಿಲ್ಲುತ್ತೆ. 'ನನಗೆ ಗಾಬರಿಯಾಗುತ್ತೆ' ಒಂದೇ ನಿಲ್ಲಲ್ಲ. ಯಾಕೆ ಅಂತ ಕೇಳುತ್ತಾರೆ. ನಿಲ್ಲದಿದ್ದರೆ ಇಫ್ ನಾಟ್‌ನಲ್ಲೇ ಇರಿ. ಖುಷಿ, ಬೇಜಾರು, ಆಶ್ಚರ್ಯ, ಸಿಟ್ಟು ಇಂಥ ಮಾತು ಬಂದಾಗೆಲ್ಲ ಈ ಅನುಮಾನ ಇಟ್ಟುಕೊಳ್ಳಿ.

ಎರಡನೆಯದು, ನಡೆಯದೇ ಇದ್ದದ್ದನ್ನು ಕಲ್ಪಿಸಿಕೊಂಡು ಹೇಳುವ ಮಾತು. 'ಅವನು ಅಷ್ಟು ಹಟಮಾರಿ ಆಗಿರದಿದ್ದರೆ ಜಗಳ ಎಂದೋ ಮುಗಿಯುತ್ತಿತ್ತು.' ಅವನು ಹಟಮಾರಿಯೇ, ಅದರಲ್ಲಿ ಅನುಮಾನವಿಲ್ಲ. ಗೇಟಿಗೆ ಬೀಗ ಬಿದ್ದಿದೆ. ಅನ್‌ಲೆಸ್‌ಗೆ ತೆರೆಯಬಹುದಾದ ಗೇಟು ಬೇಕು. ಹಾಗಾಗಿ "ಇಫ್ ಹಿ ವರ್ ನಾಟ್ ಸೋ ಸ್ಟಬರ್ನ್" ಅಂತಲೇ ಹೇಳಬೇಕು.

ಮೂರನೆಯದು ಪ್ರಶ್ನೆ. 'ಬಸ್ಸು ಬರದಿದ್ದರೆ ಏನು ಮಾಡೋದು?' ಇದು "ವಾಟ್ ವಿಲ್ ವಿ ಡು ಇಫ್ ದಿ ಬಸ್ ಡಸಂಟ್ ಕಮ್?" ಇಲ್ಲಿ ಬೇಲಿಯೇ ಇನ್ನೂ ಗೊತ್ತಿಲ್ಲ. ಗೇಟು ಎಲ್ಲಿಂದ ತರುವುದು?

ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ. ಪರ್ಲ್, ರೂಬಿ ಅನ್ನುವ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅನ್‌ಲೆಸ್ ಅನ್ನುವ ಆಜ್ಞೆಯೇ ಇದೆ. ರೂಬಿ ಬರೆಯುವವರಲ್ಲಿ ಒಂದು ಶಿಸ್ತು ಉಂಟು: ಅನ್‌ಲೆಸ್ ಜೊತೆ ಎಲ್ಸ್, ಅಂದರೆ 'ಇಲ್ಲಾಂದ್ರೆ' ಅನ್ನುವ ಆಜ್ಞೆ, ಹಾಕಬಾರದು. ಮೆಷಿನ್ನಿಗೆ ಅದರಿಂದ ತೊಂದರೆ ಇಲ್ಲ. ಓದುವ ಮನುಷ್ಯನ ತಲೆ ಕೆಡುತ್ತೆ, ಅದಕ್ಕೆ.

ಅದೇ ಶಿಸ್ತು ಇಂಗ್ಲಿಷಿಗೂ ಬೇಕು. "ಅನ್‌ಲೆಸ್ ಯು ಹರಿ, ಅದರ್‌ವೈಸ್ ಯು ವಿಲ್ ಮಿಸ್ ದಿ ಟ್ರೇನ್" ಅಂತ ನಮ್ಮವರು ಹೇಳುವುದು ಕೇಳಿರುತ್ತೀರಿ. 'ಬೇಗ ಹೊರಡು, ಇಲ್ಲಾಂದ್ರೆ ರೈಲು ತಪ್ಪುತ್ತೆ' ಅನ್ನುವ ಮಾತಿನ 'ಇಲ್ಲಾಂದ್ರೆ' ಒಳಗೆ ನುಗ್ಗಿದ್ದು. ಒಂದೇ ಸಾಕು. ಒಂದೋ "ಅನ್‌ಲೆಸ್ ಯು ಹರಿ, ಯು ವಿಲ್ ಮಿಸ್ ದಿ ಟ್ರೇನ್", ಇಲ್ಲವೇ "ಹರಿ, ಅದರ್‌ವೈಸ್ ಯು ವಿಲ್ ಮಿಸ್ ದಿ ಟ್ರೇನ್". ಹಾಗೇ ಅನ್‌ಲೆಸ್ ಹಿಂದೆ ದೆನ್ ಕೂಡ ಬರಲ್ಲ. ದೆನ್ ಏನಿದ್ದರೂ ಇಫ್‌ನ ಜೊತೆಗಾರ.

ಹೆಜ್ಜೆ 5: ಹೊತ್ತಿನ ಮಾತೋ, ಷರತ್ತಿನ ಮಾತೋ

ಅನ್‌ಲೆಸ್‌ಗೂ ಅಂಟಿಲ್‌ಗೂ ಅದಲು ಬದಲಾಗುವುದು ಜಾಸ್ತಿ. ಕನ್ನಡದ 'ತನಕ', 'ವರೆಗೆ' ಅಂಟಿಲ್‌ಗೆ ಹೋಗುತ್ತವೆ. 'ಹೊರತು', 'ದಿದ್ದರೆ' ಅನ್‌ಲೆಸ್‌ಗೆ ಹೋಗುತ್ತವೆ. ಹೀಗೆ ಹೇಳಿದರೆ ಸುಲಭ ಅನ್ನಿಸುತ್ತೆ. ಆದರೆ ನಾವು ಮಾತಾಡುವಾಗ 'ನೀನು ಸಾರಿ ಕೇಳೋ ತನಕ ಮಾತಾಡ್ಸಲ್ಲ' ಅಂತಲೂ ಅಂತೀವಿ, 'ನೀನು ಸಾರಿ ಕೇಳದಿದ್ರೆ ಮಾತಾಡ್ಸಲ್ಲ' ಅಂತಲೂ ಅಂತೀವಿ. ಎರಡರ ನಡುವೆ ಕೂದಲೆಳೆಯ ವ್ಯತ್ಯಾಸ.

ವ್ಯತ್ಯಾಸ ಇರುವುದು ಗೇಟು ತೆರೆಯುತ್ತದೋ ಇಲ್ಲವೋ ಅನ್ನುವ ನಂಬಿಕೆಯಲ್ಲಿ. ಅಂಟಿಲ್ ಅಂದರೆ ಆ ಕೆಲಸ ಆಗೇ ಆಗುತ್ತೆ, ಯಾವಾಗ ಅನ್ನುವುದಷ್ಟೇ ಬಾಕಿ. ಅನ್‌ಲೆಸ್ ಅಂದರೆ ಆಗಬಹುದು, ಆಗದೆಯೂ ಇರಬಹುದು. "ವೇಟ್ ಅಂಟಿಲ್ ದಿ ಮಿಲ್ಕ್ ಬಾಯ್ಲ್ಸ್." ಒಲೆ ಮೇಲೆ ಇಟ್ಟ ಹಾಲು ಉಕ್ಕಿಯೇ ಉಕ್ಕುತ್ತೆ. ಅಲ್ಲಿ ಅನ್‌ಲೆಸ್ ಹಾಕಿದರೆ ಅರ್ಥವೇ ಇಲ್ಲ. "ಡೋಂಟ್ ಕಾಲ್ ದಿ ಡಾಕ್ಟರ್ ಅನ್‌ಲೆಸ್ ದಿ ಫೀವರ್ ಗೋಸ್ ಅಪ್." ಜ್ವರ ಏರಬಹುದು, ಏರದೆಯೂ ಇರಬಹುದು. ಇಲ್ಲಿ ಅಂಟಿಲ್ ಹಾಕಿದರೆ ಜ್ವರ ಏರಲಿ ಅಂತ ಕಾಯುತ್ತಾ ಕೂತ ಹಾಗಾಗುತ್ತೆ.

ಈ ಕೂದಲೆಳೆ ಕೋರ್ಟಿನಲ್ಲಿ ಹಗ್ಗದಷ್ಟು ದಪ್ಪ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿ, ಆರೋಪಿಯನ್ನು "ಅಂಟಿಲ್ ಪ್ರೂವ್ಡ್ ಗಿಲ್ಟಿ" ನಿರಪರಾಧಿ ಎಂದೇ ಭಾವಿಸಬೇಕು ಅನ್ನುತ್ತೆ. ಯೋಚಿಸಿ ನೋಡಿ. ಅಂಟಿಲ್ ಅಂದರೆ ಇವತ್ತಲ್ಲ ನಾಳೆ ಅಪರಾಧ ಸಾಬೀತಾಗುತ್ತೆ ಅನ್ನುವ ವಾಸನೆ ಇಲ್ಲವಾ? ನನ್ನನ್ನು ಕೇಳಿದರೆ ಅಲ್ಲಿ ಅನ್‌ಲೆಸ್ ಇದ್ದಿದ್ದರೆ ಆರೋಪಿಗೆ ಇನ್ನೂ ನ್ಯಾಯ ಸಿಗುತ್ತಿತ್ತು. ಆದರೆ ಅಂಟಿಲ್ ಇರುವ ಮಾತೇ ಜಗತ್ತಿನ ಬಾಯಲ್ಲಿ ಕೂತಿದೆ. ಬದಲಿಸಲು ನಾನ್ಯಾರು.

ನಮ್ಮ ದೇಶದ ಆಫೀಸು, ಕೋರ್ಟುಗಳಲ್ಲಿ ಈ ಇಬ್ಬರನ್ನೂ ಒಟ್ಟಿಗೆ ಕೂರಿಸುವ ಚಟ ಇದೆ: "ಅನ್‌ಲೆಸ್ ಅಂಡ್ ಅಂಟಿಲ್". ಹೊತ್ತೂ ಷರತ್ತೂ ಎರಡೂ ಇರಲಿ ಅನ್ನುವ ಭದ್ರತೆ. ವಕೀಲರು ಬರೆದರೆ ಬರೆಯಲಿ. ರಜೆ ಚೀಟಿಯಲ್ಲಿ, ವಾಟ್ಸಾಪಿನಲ್ಲಿ ನಾವು ಬರೆಯುವಾಗ ಒಂದು ಸಾಕು.

ಡೋಂಟ್ ತಪ್ಪು ಅಂಟಿಲ್‌ಗೂ ಅಂಟುತ್ತೆ. "ಅಂಟಿಲ್ ಯು ಡೋಂಟ್ ಫಿನಿಶ್" ಅಲ್ಲ, "ಅಂಟಿಲ್ ಯು ಫಿನಿಶ್". ಸ್ಪೆಲ್ಲಿಂಗ್ ಕೂಡ ನೋಡಿಕೊಳ್ಳಿ. ಅಂಟಿಲ್‌ನ ಕೊನೆಗೆ ಒಂದೇ ಎಲ್. ಅನ್‌ಲೆಸ್‌ನ ಕೊನೆಗೆ ಎರಡು ಎಸ್. ಹೇಳುವಾಗ ಒತ್ತು 'ಲೆಸ್' ಮೇಲೆ ಬೀಳಬೇಕು.

ಹೆಜ್ಜೆ 6: 'ಹೊರತು' ಕಂಡ ಕೂಡಲೇ ಅನ್‌ಲೆಸ್ ಅಂದುಕೊಳ್ಳಬೇಡಿ

ಕನ್ನಡದ ಹೊರತು ಮೂರು ಮನೆಯ ಕೆಲಸ ಮಾಡುತ್ತೆ. ಅನ್‌ಲೆಸ್ ಅದರಲ್ಲಿ ಒಂದು ಮನೆ ಅಷ್ಟೇ.

'ಅವನು ಮಾತಾಡ್ತಾನೆಯೇ ಹೊರತು ಕೆಲಸ ಮಾಡಲ್ಲ.' ಇಲ್ಲಿ ಷರತ್ತೇ ಇಲ್ಲ. ಒಂದು ಹೌದು, ಇನ್ನೊಂದು ಅಲ್ಲ. "ಹಿ ಓನ್ಲಿ ಟಾಕ್ಸ್, ಹಿ ಡಸಂಟ್ ವರ್ಕ್." ಇದನ್ನು ಅನ್‌ಲೆಸ್ ಹಾಕಿ ಹೇಳಿದರೆ 'ಮಾತಾಡಿದರೆ ಮಾತ್ರ ಕೆಲಸ ಮಾಡ್ತಾನೆ' ಅಂತಾಗಿ, ಬೈದದ್ದು ಹೊಗಳಿಕೆಯಾಗುತ್ತೆ.

'ಭಾನುವಾರದ ಹೊರತು ಉಳಿದ ದಿನ ಅಂಗಡಿ ತೆಗೆದಿರುತ್ತೆ.' ಇದು ಎಕ್ಸೆಪ್ಟ್. ಹೊರತು ಹಿಂದೆ ಇರುವುದು ಬರೀ ಒಂದು ಹೆಸರು, ಭಾನುವಾರ. ಅನ್‌ಲೆಸ್ ಆದ ಮೇಲೆ ಸಾಮಾನ್ಯವಾಗಿ ಒಂದು ಪೂರ್ತಿ ಮಾತು ಬೇಕು, ಯಾರು ಏನು ಮಾಡಿದರೆ ಅಂತ. 'ನಿಮ್ಮ ಸಹಾಯ ಇಲ್ಲದೆ' ಅನ್ನುವುದಕ್ಕೂ ಹಾಗೇ. "ಅನ್‌ಲೆಸ್ ಯುವರ್ ಹೆಲ್ಪ್" ಅಂತ ಬರೆಯುವವರಿದ್ದಾರೆ. ಅದು "ವಿದೌಟ್ ಯುವರ್ ಹೆಲ್ಪ್" ಆಗಬೇಕು, ಇಲ್ಲವೇ "ಅನ್‌ಲೆಸ್ ಯು ಹೆಲ್ಪ್".

ಹೆಜ್ಜೆ 7: ಹಿಂದೋ ಮುಂದೋ, ಅಲ್ಪವಿರಾಮ ಎಲ್ಲಿ

ಗೇಟಿನ ತುಂಡು ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಹಾಕಿ. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬರುವುದರಿಂದ ನಾವು ಇಂಗ್ಲಿಷಿನಲ್ಲೂ ಅನ್‌ಲೆಸ್‌ನಿಂದಲೇ ಶುರು ಮಾಡುತ್ತೇವೆ. ತಪ್ಪಲ್ಲ, ಆದರೆ ಸ್ವಲ್ಪ ಬೆದರಿಕೆ ಹಾಕಿದ ಹಾಗೆ ಕೇಳಿಸುತ್ತೆ. ನಿಯಮ ಮೊದಲು ಹೇಳಿ, ರಿಯಾಯಿತಿ ಆಮೇಲೆ ಹೇಳುವುದು ಮೆದು. ಮೇಲಧಿಕಾರಿಗೆ ಬರೆಯುವಾಗ ಇದು ನೆನಪಿರಲಿ.

ಮಾತು ಮುಗಿದ ಮೇಲೆ ಹೊಳೆದದ್ದನ್ನು ಸೇರಿಸುವುದೂ ಉಂಟು. "ಐ ವಿಲ್ ಬಿ ದೇರ್ ಅಟ್ ಸಿಕ್ಸ್, ಅನ್‌ಲೆಸ್ ದಿ ಟ್ರೇನ್ ಈಸ್ ಲೇಟ್." ಆರಕ್ಕೆ ಬರ್ತೀನಿ. ಹಾಂ, ರೈಲು ಲೇಟಾಗದಿದ್ದರೆ. ಆ 'ಹಾಂ' ಇರುವ ಕಡೆ ಅಲ್ಪವಿರಾಮ ಬೇಕು.

ಹೆಜ್ಜೆ 8: ಸಿದ್ಧ ಸಾಲುಗಳು

ಫಾರಂಗಳಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ ಅನ್‌ಲೆಸ್ ಮೈ ಇಳಿಸಿಕೊಂಡು ಬರುತ್ತೆ. "ಅನ್‌ಲೆಸ್ ಅದರ್‌ವೈಸ್ ಸ್ಟೇಟೆಡ್" ಅಂದರೆ ಬೇರೆ ರೀತಿ ಹೇಳಿರುವ ಕಡೆ ಬಿಟ್ಟು ಉಳಿದೆಲ್ಲ ಕಡೆ. 'ಬೇಡ' ಅನ್ನುವ ನಿಯಮದ ಜೊತೆ ಬಂದಾಗ "ಅನ್‌ಲೆಸ್ ರಿಕ್ವೈರ್ಡ್" ಅಂದರೆ ಬೇಕಾದರೆ ಮಾತ್ರ. "ಅನ್‌ಲೆಸ್ ಅಬ್ಸಲ್ಯೂಟ್ಲಿ ನೆಸೆಸರಿ" ಅಂದರೆ ತೀರಾ ಅನಿವಾರ್ಯವಾದರೆ ಮಾತ್ರ. ನಡುವಿನ "ಇಟ್ ಈಸ್" ಬಿಟ್ಟುಹೋಗಿದೆ, ಅಷ್ಟೇ. ಇವನ್ನು ಬಿಡಿಸಲು ಹೋಗದೆ ಹಾಗೇ ಬಳಸಿ.

ಹೆಸರಿನ ಕಥೆ

ಅನ್‌ಲೆಸ್‌ನಲ್ಲಿರುವ 'ಅನ್' ಅನ್‌ಹ್ಯಾಪಿಯ ಅನ್ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಅದು ಹಿಂದೆ 'ಆನ್' ಆಗಿತ್ತು. 15ನೇ ಶತಮಾನದ ಇಂಗ್ಲಿಷಿನಲ್ಲಿ 'ಆನ್ ಲೆಸ್ ದ್ಯಾನ್' ಅನ್ನುತ್ತಿದ್ದರು, ಅಂದರೆ ಇದಕ್ಕಿಂತ ಕಡಿಮೆ ಷರತ್ತಿಗೆ. ಫ್ರೆಂಚರು ಈಗಲೂ ಇದೇ ಅಚ್ಚಿನ ಮಾತು ಆಡುತ್ತಾರೆ. ಆನ್ ಮೇಲೆ ಒತ್ತು ಬೀಳದೆ ಸವೆಯಿತು, ಅರ್ಥದಲ್ಲೂ 'ಇಲ್ಲ' ಇತ್ತು, ಎರಡೂ ಸೇರಿ ಅನ್ ಆಯಿತು.

ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಅಜ್ಜಿ ಹೇಳುತ್ತಾಳಲ್ಲ, 'ಇದಕ್ಕಿಂತ ಕಡಿಮೆಗೆ ಆಗಲ್ಲ ಕಣಪ್ಪ' ಅಂತ. ಅದೇ ಅನ್‌ಲೆಸ್. 'ನೀನು ಕರೆಯಬೇಕು, ಅದಕ್ಕಿಂತ ಕಡಿಮೆಗೆ ನಾನು ಬರಲ್ಲ.' ಹೀಗೆ ನೆನಪಿಟ್ಟುಕೊಂಡರೆ ಡೋಂಟ್ ಹಾಕಲು ಕೈಯೇ ಬರಲ್ಲ.

ಈಗ ನಿಮ್ಮ ಸರದಿ

ಕೆಳಗಿನ ಮಾತುಗಳನ್ನು ಮೊದಲು ನೀವೇ ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಉತ್ತರ ನೋಡಿ.

1. ಹೆಲ್ಮೆಟ್ ಹಾಕದಿದ್ದರೆ ಬೈಕ್ ಕೊಡಲ್ಲ.
2. ಅನ್ನ ಆಗೋ ತನಕ ಮುಚ್ಚಳ ತೆಗೀಬೇಡ.
3. ಅವಳು ಬರದಿದ್ದರೆ ನನಗೆ ಆಶ್ಚರ್ಯವಾಗುತ್ತೆ.
4. ಮಳೆ ಬರದಿದ್ದರೆ ಮ್ಯಾಚ್ ನಡೆಯುತ್ತೆ.
5. ಬಿಲ್ ಕಳಿಸದ ಹೊರತು ದುಡ್ಡು ಕೊಡಲಾಗುವುದಿಲ್ಲ.

ಮೊದಲನೆಯದು ನೇರ: "ಐ ವೋಂಟ್ ಗಿವ್ ಯು ದಿ ಬೈಕ್ ಅನ್‌ಲೆಸ್ ಯು ವೇರ್ ಎ ಹೆಲ್ಮೆಟ್." ಎರಡನೆಯದು ಹೊತ್ತಿನ ಮಾತು, ಹಾಗಾಗಿ "ಡೋಂಟ್ ಓಪನ್ ದಿ ಲಿಡ್ ಅಂಟಿಲ್ ದಿ ರೈಸ್ ಈಸ್ ಕುಕ್ಡ್". ಮೂರನೆಯದರಲ್ಲಿ ಬೇಲಿ ತಾನೇ ನಿಲ್ಲಲ್ಲ. "ಐ ವಿಲ್ ಬಿ ಸರ್ಪ್ರೈಸ್ಡ್ ಇಫ್ ಶಿ ಡಸಂಟ್ ಕಮ್." ನಾಲ್ಕನೆಯದರಲ್ಲಿ ಎಡವಿದ್ದರೆ ಬೇಜಾರು ಬೇಡ, ತುಂಬಾ ಜನ ಎಡವುತ್ತಾರೆ. ನಿಯಮ: ಮ್ಯಾಚ್ ನಡೆಯುತ್ತೆ. ಅದನ್ನು ಮುರಿಯುವುದು: ಮಳೆ. "ದಿ ಮ್ಯಾಚ್ ವಿಲ್ ಗೋ ಅಹೆಡ್ ಅನ್‌ಲೆಸ್ ಇಟ್ ರೇನ್ಸ್." ಕನ್ನಡದ 'ಬರದಿದ್ದರೆ' ಇಂಗ್ಲಿಷಿನಲ್ಲಿ 'ರೇನ್ಸ್' ಆಯಿತು, ನೋಡಿ.

ಐದನೆಯದು ನನ್ನ ಮೇಲ್. "ವಿ ಕೆನಾಟ್ ರಿಲೀಸ್ ದಿ ಪೇಮೆಂಟ್ ಅನ್‌ಲೆಸ್ ಯು ಸೆಂಡ್ ದಿ ಬಿಲ್" ಅಂದರೆ ವ್ಯಾಕರಣ ಸರಿ. ಆದರೆ ಈಗ ಬರೆಯುವುದಾದರೆ ನಾನು ಅಂಟಿಲ್ ಹಾಕುತ್ತೇನೆ. ಬಿಲ್ ಕಳಿಸೇ ಕಳಿಸುತ್ತೀರಿ ಅಂತ ನಂಬಿದ್ದೇನೆ ಅನ್ನುವ ಮರ್ಯಾದೆ ಅದರಲ್ಲಿದೆ.

ಅಂದಹಾಗೆ ಆ ಬಿಲ್ ನಾಲ್ಕನೇ ದಿನ ಬಂತು. ಜೊತೆಗೆ ಒಂದೇ ಸಾಲು: "ಪ್ಲೀಸ್ ಫೈಂಡ್ ದಿ ಬಿಲ್ ಅಟ್ಯಾಚ್ಡ್, ಅನ್‌ಲೆಸ್ ಯು ಡೋಂಟ್ ವಾಂಟ್ ಇಟ್." ಎಕ್ಸೆಪ್ಟ್ ಇಫ್ ಹಾಕಿ ಓದಿ ನೋಡಿದೆ. ಆ ಡೋಂಟ್ ಸರಿಯಾದ ಜಾಗದಲ್ಲೇ ಇತ್ತು.